ಪರಪೀಡೆಯ ಹಲವು ರೂಪಗಳು



ದೇವಾಲಯದ ಜೀರ್ಣೋದ್ಧಾರವಾಗಿ ಕಳಶಸ್ಥಾಪನೆ ನೆರವೇರುವ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸಂಚಿಕೆಗೆ ಧರ್ಮವಿಷಯಕವಾಗಿ ಕೆಲವು ಮಾತುಗಳನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದರು. ನಾನು ಶಾಸ್ತ್ರಗಳನ್ನು ಕ್ರಮವಾಗಿ ಓದಿದವನಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಊರಿನ ಲೆಕ್ಕ ಬರೆಯುವ ಕೆಲಸದಲ್ಲಿ ತಲೆ ನರೆಯಿಸಿಕೊಂಡವನು. ಆದಕಾರಣ ಲೆಕ್ಕಿಗನಿಗೆ ಗೊತ್ತಿರುವ ರೀತಿಯಲ್ಲಿಯೇ, ಬಾಬ್ತು ಬಾಬ್ತಾಗಿ ಈ ವಿಷಯವನ್ನು ನಿವೇದಿಸುತ್ತೇನೆ.

ಹದಿನೆಂಟು ಪುರಾಣಗಳ ಸಾರವು ಎರಡೇ ಮಾತುಗಳಲ್ಲಿ ಅಡಗಿದೆಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಪರರಿಗೆ ಉಪಕಾರ ಮಾಡುವುದು ಪುಣ್ಯ. ಪರರನ್ನು ಪೀಡಿಸುವುದು ಪಾಪ. ಪುಣ್ಯದ ಭಾಗವನ್ನು ನಾವು ಚೆನ್ನಾಗಿ ನೆನಪಿಟ್ಟಿದ್ದೇವೆ. ಅನ್ನದಾನ, ದೀಪದಾನ, ಗೋಪುರಕ್ಕೆ ಕಾಣಿಕೆ, ಎಲ್ಲಕ್ಕೂ ರಸೀದಿ ಉಂಟು. ಆದರೆ ಪಾಪದ ಭಾಗಕ್ಕೆ ನಮ್ಮಲ್ಲಿ ಪುಸ್ತಕವೇ ಇಲ್ಲ. ಪೀಡೆ ಎಂದೊಡನೆ ಹೊಡೆಯುವುದು, ಬಡಿಯುವುದು, ಕಸಿದುಕೊಳ್ಳುವುದು ಇಷ್ಟೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ಕೈಯೆತ್ತದೆ, ದನಿಯೇರಿಸದೆ, ಕೆಲವೊಮ್ಮೆ ದೇವರ ಹೆಸರಿನಲ್ಲಿಯೇ ನಡೆಯುವ ಪೀಡೆಗಳು ಎಷ್ಟಿವೆಯೆಂಬುದನ್ನು ನಾವು ಎಣಿಸಿಲ್ಲ. ಎಣಿಸದ ಬಾಕಿ ತೀರುವುದಾದರೂ ಹೇಗೆ?

ಮೊದಲನೆಯದು ಹೊರಗಿಡುವ ಪೀಡೆ. ಗುಡಿಗೆ ಕಲ್ಲು ಹೊತ್ತವನನ್ನು ಕಲ್ಲು ನೆಟ್ಟ ಮೇಲೆ ಹೊರಗೆ ನಿಲ್ಲಿಸುವುದು. ಬಾವಿ ತೋಡಿದವನಿಗೆ ನೀರು ಬಿದ್ದ ಮೇಲೆ ಬಾವಿಯ ಕಟ್ಟೆಯನ್ನು ನಿಷೇಧಿಸುವುದು. ಇದು ಕೇವಲ ನಮ್ಮ ಸೀಮೆಯ ಮಾತಲ್ಲ. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರ್ ಅವರು ಮಹಾಡಿನ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ದನಕರುಗಳು ಕುಡಿಯುತ್ತಿದ್ದ ಆ ನೀರನ್ನು ಮನುಷ್ಯನೊಬ್ಬನು ಕುಡಿಯಲು ಒಂದು ಚಳವಳಿಯೇ ನಡೆಯಬೇಕಾಯಿತು. ತಿರುವಾಂಕೂರಿನ ಮಹಾರಾಜರು ೧೯೩೬ರಲ್ಲಿ ದೇವಾಲಯಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಸಿದರು. ನಮ್ಮ ರಾಯದುರ್ಗ ತಾಲ್ಲೂಕು ಆಗ ಬಳ್ಳಾರಿ ಜಿಲ್ಲೆಗೂ ಮದರಾಸು ಪ್ರಾಂತಕ್ಕೂ ಸೇರಿತ್ತು. ೧೯೪೭ರಲ್ಲಿ ಮದರಾಸಿನಲ್ಲಿ ಆದ ದೇವಾಲಯ ಪ್ರವೇಶದ ಕಾನೂನು ನಮ್ಮ ಗುಡಿಗಳ ಬಾಗಿಲುಗಳಿಗೂ ಅನ್ವಯಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೯೫೫ರ ಕಾನೂನು ಅದನ್ನು ಆಚರಿಸುವವರಿಗೆ ಶಿಕ್ಷೆಯನ್ನು ವಿಧಿಸಿತು. ಆ ವರುಷವೇ ಡಿಸೆಂಬರ್ ೧ರಂದು ಅಮೆರಿಕದ ಮಾಂಟ್ಗೊಮೆರಿ ಪಟ್ಟಣದಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಜನಾಂಗದ ತಾಯಿ, ಬಸ್ಸಿನಲ್ಲಿ ತಾನು ಕುಳಿತ ಜಾಗವನ್ನು ಬಿಳಿಯನಿಗೆ ಬಿಟ್ಟುಕೊಡಲು ಒಪ್ಪದೆ ಸೆರೆಯಾದಳು. ಅಲ್ಲಿಯ ಜನ ೩೮೧ ದಿನ ಬಸ್ಸು ಹತ್ತದೆ ಕಾಲ್ನಡೆಯಲ್ಲಿ ಓಡಾಡಿ ಆ ಪೀಡೆಯನ್ನು ಸೋಲಿಸಿದರು. ಇಲ್ಲಿ ಗುಡಿಯ ಹೊಸ್ತಿಲು, ಅಲ್ಲಿ ಬಸ್ಸಿನ ಆಸನ, ಪೀಡೆ ಒಂದೇ.

ಎರಡನೆಯದು ಇದಕ್ಕೆ ತಿರುಗುಮುರುಗಾದುದು; ಒಳಗೆ ಎಳೆದುಕೊಳ್ಳುವ ಪೀಡೆ. ಇದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಆದರೆ ದೇವರ ಸನ್ನಿಧಿಯಲ್ಲಿ ಮುಚ್ಚಿಡುವುದೇನು? ಬಳ್ಳಾರಿ, ಅನಂತಪುರ ಸೀಮೆಗಳಲ್ಲಿ ‘ಬಸವಿ ಬಿಡುವುದು’ ಎಂಬ ಮಾತನ್ನು ಕೇಳದ ಮುದುಕರು ಇರಲಾರರು. ಹರಕೆಗೆ ಬಸವನನ್ನು ಬಿಟ್ಟಂತೆ ಹೆಣ್ಣುಮಗುವನ್ನು ದೇವರಿಗೆ ಬಿಡುತ್ತಿದ್ದರು. ಗಂಡುಸಂತಾನವಿಲ್ಲದ ಮನೆಯಲ್ಲಿ ಆಕೆಯೇ ಮಗನ ಸ್ಥಾನದಲ್ಲಿ ನಿಂತು ಆಸ್ತಿಗೂ ಉತ್ತರಕ್ರಿಯೆಗೂ ಹಕ್ಕುದಾರಳಾಗುತ್ತಿದ್ದಳು. ಹೊರನೋಟಕ್ಕೆ ಇದು ಗೌರವವೆಂದೇ ತೋರುತ್ತಿತ್ತು. ಆದರೆ ಆ ಕೂಸನ್ನು ಯಾರೂ ಕೇಳಿರಲಿಲ್ಲ. ಮುತ್ತು ಕಟ್ಟಿದ ಮೇಲೆ ಆಕೆಗೆ ಮದುವೆಯಿಲ್ಲ. ಆಕೆಯ ಮಕ್ಕಳಿಗೆ ತಂದೆಯ ಹೆಸರಿಲ್ಲ. ಊರಿನ ಬಲವಂತರ ಕಣ್ಣಿಗೆ ಅಡ್ಡಿಯಿಲ್ಲ. ಇಂಥ ಹರಕೆ ಸಿರಿವಂತರ ಮನೆಯ ಹೆಣ್ಣುಮಗುವಿನ ಮೇಲೆ ಬಿದ್ದುದು ಅಪರೂಪ; ಬಿದ್ದುದೆಲ್ಲ ಬಡವರ, ಕೆಳಗಿನವರೆನಿಸಿಕೊಂಡವರ ಕೂಸುಗಳ ಮೇಲೆ ಎಂಬುದೇ ಇದು ದೈವೇಚ್ಛೆಯಲ್ಲ, ಮನುಷ್ಯೇಚ್ಛೆ ಎಂಬುದಕ್ಕೆ ಸಾಕ್ಷಿ.

ಮದರಾಸಿನ ಶಾಸನಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಈ ಪೀಡೆಯ ವಿರುದ್ಧ ಹೋರಾಡಿದರು. ಅವರ ಪ್ರಯತ್ನದಿಂದ ೧೯೨೯ರಲ್ಲಿ ಆದ ತಿದ್ದುಪಡಿಯು, ಗುಡಿಯ ಸೇವೆಗೆಂದು ದೇವದಾಸಿಯರಿಗೆ ಕೊಟ್ಟಿದ್ದ ಇನಾಮು ಭೂಮಿಯನ್ನು ಸೇವೆಯ ಕಟ್ಟಿನಿಂದ ಬಿಡಿಸಿತು. ನೆಲದ ಆಸೆಗೆ ಮಗಳನ್ನು ಒಪ್ಪಿಸಬೇಕಾದ ಅಗತ್ಯವನ್ನು ಅವರು ಮೂಲದಲ್ಲಿಯೇ ಕತ್ತರಿಸಿದರು. ಲೆಕ್ಕ ಬಲ್ಲವರಿಗೆ ಇದರ ಜಾಣ್ಮೆ ಅರ್ಥವಾಗುತ್ತದೆ. ಅನಂತರ ೧೯೪೭ರಲ್ಲಿ ಮದರಾಸು ಪ್ರಾಂತದಲ್ಲಿಯೂ, ೧೯೮೨ರಲ್ಲಿ ಕರ್ನಾಟಕದಲ್ಲಿಯೂ, ೧೯೮೮ರಲ್ಲಿ ಆಂಧ್ರಪ್ರದೇಶದಲ್ಲಿಯೂ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ಕಾನೂನುಗಳಾದವು. ಬಸವಿ, ಜೋಗಿನಿ, ಮಾತಮ್ಮ, ಹೆಸರು ಯಾವುದಾದರೂ ಅದು ಅಪರಾಧವೇ.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ೧೯೪೭ ಒಂದೇ ವರುಷದಲ್ಲಿ, ಒಂದೇ ಪ್ರಾಂತದಲ್ಲಿ ಎರಡು ಕಾನೂನುಗಳಾದವು. ಒಂದು, ಹೊರಗೆ ನಿಲ್ಲಿಸಿದವರಿಗಾಗಿ ಗುಡಿಯ ಬಾಗಿಲನ್ನು ತೆರೆಯಿತು. ಇನ್ನೊಂದು, ಒಳಗೆ ಎಳೆಯಲ್ಪಡುತ್ತಿದ್ದ ಕೂಸಿಗಾಗಿ ಅದೇ ಬಾಗಿಲಿಗೆ ಅಗಳಿ ಹಾಕಿತು. ಒಂದೇ ಕುಟುಂಬದ ತಂದೆಯನ್ನು ಹೊರಗಟ್ಟಿ ಮಗಳನ್ನು ಮಾತ್ರ ದೇವರಿಗೆ ಬೇಕೆನ್ನುವ ನ್ಯಾಯ ಯಾವ ದೇವರದು? ಪೀಡೆಯು ಒಮ್ಮೆ ‘ಬಾರದಿರು’ ಎನ್ನುತ್ತದೆ, ಒಮ್ಮೆ ‘ಬಾ’ ಎನ್ನುತ್ತದೆ. ಎರಡು ಸಲವೂ ಎದುರಿನವರ ಇಷ್ಟವನ್ನು ಕೇಳುವುದಿಲ್ಲ. ಇದೇ ಅದರ ಗುರುತು.

ಮೂರನೆಯದು ಸಾಲದ ಪೀಡೆ. ಹಂಪೆಯ ರಾಘವಾಂಕ ಮಹಾಕವಿಯ ಹರಿಶ್ಚಂದ್ರನ ಕಥೆ ನಮ್ಮ ಹಳ್ಳಿಗಳಲ್ಲಿ ಯಾರಿಗೆ ತಿಳಿಯದು? ಚಕ್ರವರ್ತಿಯು ಸಾಲ ತೀರಿಸಲು ಹೆಂಡತಿ ಮಕ್ಕಳನ್ನು ಕಾಶಿಯ ಬೀದಿಯಲ್ಲಿ ಮಾರಿ, ತಾನು ವೀರಬಾಹುಕನಿಗೆ ಆಳಾಗಿ ಸುಡುಗಾಡು ಕಾದನು. ನಾವು ಅದನ್ನು ಸತ್ಯದ ಮಹಿಮೆಯೆಂದು ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಕಿರೀಟವಿಲ್ಲದ ಎಷ್ಟು ಹರಿಶ್ಚಂದ್ರರು ನಮ್ಮ ಸೀಮೆಯಲ್ಲಿ ಜೀತಕ್ಕೆ ನಿಂತರು! ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ವರುಷಕ್ಕೆ ಮೂವತ್ತಾರು. ಮೂರು ವರುಷ ತುಂಬುವುದರೊಳಗೆ ಬಡ್ಡಿಯೇ ಅಸಲನ್ನು ಮೀರಿ ನೂರೆಂಟಾಗುತ್ತದೆ. ದುಡಿಮೆಯನ್ನೆಲ್ಲ ಬಡ್ಡಿಗೆ ಜಮಾ ಮಾಡಿ ಅಸಲನ್ನು ಹಾಗೆಯೇ ಮುಂದಕ್ಕೆ ಬರೆದರೆ, ತಂದೆ ಸತ್ತ ದಿನವೂ ಅಸಲು ನೂರೇ; ಮಗ ಜೀತಕ್ಕೆ ನಿಲ್ಲುವ ದಿನವೂ ನೂರೇ. ಇಲ್ಲಿ ಬೇಡಿಯಿಲ್ಲ, ಬಾರುಕೋಲಿಲ್ಲ. ಕೂಡುವ ಕಳೆಯುವ ಲೆಕ್ಕ ಮಾತ್ರ. ಹರಿಶ್ಚಂದ್ರನಿಗೆ ಕೊನೆಗೆ ವಿಶ್ವೇಶ್ವರನು ಪ್ರತ್ಯಕ್ಷನಾದನು. ಈ ಬಡವರಿಗೆ ೧೯೭೬ರ ಜೀತಪದ್ಧತಿ ರದ್ದತಿಯ ಕಾನೂನು ಪ್ರತ್ಯಕ್ಷವಾಗಲು ತಲೆಮಾರುಗಳು ಕಳೆದವು. ಅದು ಜೀತದಾಳನ್ನು ಬಿಡಿಸಿದ್ದಷ್ಟೇ ಅಲ್ಲದೆ ಆ ಸಾಲವನ್ನೇ ಅಳಿಸಿಹಾಕಿತು; ಮತ್ತೆ ಜೀತಕ್ಕಿಡುವವನಿಗೆ ಮೂರು ವರುಷಗಳವರೆಗೆ ಸೆರೆಮನೆಯೆಂದು ಬರೆಯಿತು.

ಅದೇ ಕಾವ್ಯದಲ್ಲಿ ಇನ್ನೊಂದು ಪ್ರಸಂಗವಿದೆ. ಕಾಡಿನಲ್ಲಿ ಹಾಡಿ ರಾಜನನ್ನು ಮೆಚ್ಚಿಸಿದ ಅನಾಮಿಕ ಕನ್ಯೆಯರು ತಮ್ಮನ್ನು ವರಿಸೆಂದು ಕೇಳುತ್ತಾರೆ. ಕುಲದ ಮಾತೆತ್ತಿ ರಾಜನು ನಿರಾಕರಿಸಿದಾಗ ಅವರು ವಾದಿಸುತ್ತಾರೆ: ನಮ್ಮ ಹಾಡನ್ನು ಕೇಳಿದ ಕಿವಿಗೆ ಮೈಲಿಗೆಯಾಗಲಿಲ್ಲ, ನಮ್ಮ ರೂಪವನ್ನು ಕಂಡ ಕಣ್ಣಿಗೆ ಆಗಲಿಲ್ಲ, ನಮ್ಮೊಡನೆ ನುಡಿದ ನಾಲಗೆಗೆ ಆಗಲಿಲ್ಲ, ಮುಟ್ಟುವುದೊಂದರಿಂದ ಮಾತ್ರ ಹೇಗೆ ಆಯಿತು? ಈ ವಾದಕ್ಕೆ ಆ ಸತ್ಯಸಂಧನಲ್ಲಿಯೂ ಸಮರ್ಪಕವಾದ ಉತ್ತರವಿರಲಿಲ್ಲ. ಎಂಟುನೂರು ವರುಷಗಳಷ್ಟು ಹಿಂದೆಯೇ ಕನ್ನಡದ ಕವಿಯೊಬ್ಬನು ಕೇಳಿಸಿದ ಪ್ರಶ್ನೆ ಅದು. ನಾವು ಅವರು ಬೆಳೆದ ಧಾನ್ಯವನ್ನು ಉಣ್ಣುತ್ತೇವೆ, ಅವರು ಬಾರಿಸಿದ ವಾದ್ಯಕ್ಕೆ ದೇವರ ಪಲ್ಲಕ್ಕಿ ಹೊರುತ್ತೇವೆ. ಪಂಕ್ತಿಗೆ ಕೂರುವಾಗ ಮಾತ್ರ ಮೈಲಿಗೆ ನೆನಪಾಗುವುದು ಯಾವ ಶಾಸ್ತ್ರ?

ನಾಲ್ಕನೆಯದು ಲೇಖನಿಯ ಪೀಡೆ. ಇದು ನನ್ನ ವೃತ್ತಿಗೆ ಸೇರಿದ್ದಾದ್ದರಿಂದ ಇದನ್ನು ಬಿಡುವಂತಿಲ್ಲ. ಕಂದಾಯ ವಸೂಲಿಗಾಗಿ ರೈತರನ್ನು ಹಿಂಸಿಸುತ್ತಿದ್ದರೆಂಬ ದೂರನ್ನು ವಿಚಾರಿಸಲು ಮದರಾಸು ಸರಕಾರವು ೧೮೫೪ರಲ್ಲಿ ಒಂದು ಆಯೋಗವನ್ನು ನೇಮಿಸಿತು. ೧೮೫೫ರಲ್ಲಿ ಅದರ ವರದಿ ಬಂದಿತು. ಕಿಸ್ತು ಕಟ್ಟಲಾರದವನ ತಲೆಯನ್ನು ಕಾಲಿಗೆ ಸೇರಿಸಿ ಕಟ್ಟಿ ಬೆನ್ನ ಮೇಲೆ ಕಲ್ಲಿಟ್ಟು ಬಿಸಿಲಿನಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಮರದ ಇಕ್ಕಳದಲ್ಲಿ ಹಿಸುಕುವುದು ಮುಂತಾದುವು ನಡೆಯುತ್ತಿದ್ದುದನ್ನು ಆ ವರದಿ ಒಪ್ಪಿಕೊಂಡಿತು. ಆಳುತ್ತಿದ್ದವರು ಪರದೇಶದ ಕುಂಪಣಿಯವರು, ನಿಜ. ಆದರೆ ಇಕ್ಕಳ ಹಿಡಿದ ಕೈಗಳು ನಮ್ಮವರದೇ, ಕೆಳಗಿನ ನೌಕರರದೇ ಎಂಬುದು ಆ ವರದಿಯ ಕಹಿಯಾದ ಸತ್ಯ. ಇಕ್ಕಳ ಹೋಯಿತು, ಲೇಖನಿ ಉಳಿಯಿತು. ಯಾರ ಹೊಲ ಯಾರ ಹೆಸರಿಗೆ, ಯಾವ ಗಟ್ಟು ಎಲ್ಲಿಗೆ ಎಂಬುದೆಲ್ಲ ಕರಣೀಕರ ಪುಸ್ತಕದೊಳಗಿನ ಗುಟ್ಟಾಗಿತ್ತು. ಗ್ರಾಮಾಧಿಕಾರದ ಹುದ್ದೆಗೆ ವಂಶದ ಹಕ್ಕು ಸಂವಿಧಾನಕ್ಕೆ ವಿರುದ್ಧವೆಂದು ೧೯೬೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೧೯೮೪ರಲ್ಲಿ ಆಂಧ್ರಪ್ರದೇಶವು ಮುನಸಬು, ಕರಣಂ ಹುದ್ದೆಗಳನ್ನೇ ತೆಗೆದುಹಾಕಿತು. ಒಳ್ಳೆಯ ಕರಣೀಕರೂ ಅನೇಕರಿದ್ದರು. ಆದರೆ ಬಡವನ ಬದುಕು ಒಬ್ಬನ ಒಳ್ಳೆಯತನವನ್ನೇ ನೆಚ್ಚಿಕೊಂಡಿರಬೇಕಾದ ಏರ್ಪಾಡೇ ಒಂದು ಪೀಡೆ.

ಐದನೆಯದು ಅಕ್ಷರದ ಪೀಡೆ. ಇದು ನಾಲ್ಕನೆಯದರ ತಾಯಿ. ಏಕಲವ್ಯನು ಗುರುದಕ್ಷಿಣೆಯಾಗಿ ಬಲಗೈಯ ಹೆಬ್ಬೆರಳನ್ನು ಕತ್ತರಿಸಿ ಕೊಟ್ಟನು. ಕಲಿತ ವಿದ್ಯೆ ಕೈಬಿಟ್ಟಿತು. ಅದು ದ್ವಾಪರಯುಗದ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಸಾವಿರಾರು ಜನ, ಓದಲು ಬಾರದ ಕಾಗದದ ಕೆಳಗೆ ಎಡಗೈಯ ಹೆಬ್ಬೆಟ್ಟನ್ನು ಒತ್ತಿದರು. ಬೆರಳು ಕೈಯಲ್ಲಿಯೇ ಉಳಿಯಿತು, ಹೊಲ ಉಳಿಯಲಿಲ್ಲ. ಹೆಚ್ಚಿನ ಪೀಡೆ ಯಾವುದೆಂದು ನೀವೇ ಹೇಳಿ. ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಎಳೆಯಿದೆ. ೧೯೫೩ರ ಅಕ್ಟೋಬರ್ ೧ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರ ರಾಜ್ಯಕ್ಕೆ ಸೇರಿತು. ನಮ್ಮಂತೆಯೇ ಕನ್ನಡವಾಡುವ ಮಡಕಶಿರದವರು ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಎರಡನ್ನೂ ಬಲ್ಲವನಿಗೆ ಇದು ಸಂಪತ್ತು. ಒಂದನ್ನೇ ಬಲ್ಲ ಮುದುಕಿಗೆ ಕಚೇರಿಯ ಕಾಗದವು ಗೋಡೆ. ತೆಲುಗನ್ನು ದೂರುವ ಮಾತು ಇದಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ೧೩೬೯ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದನು. ಕದಿರಿಯ ಹತ್ತಿರದ ಕಟಾರುಪಲ್ಲಿಯಲ್ಲಿ ಸಮಾಧಿಯಾದ ವೇಮನಯೋಗಿಯ ಮಾತು ನಮ್ಮ ಮನೆಗಳಲ್ಲಿಯೂ ನಡೆದಾಡುತ್ತದೆ. ಎರಡು ಭಾಷೆಯ ಜ್ಞಾನವಿರುವವನು ಅದನ್ನು ತನ್ನ ಲಾಭಕ್ಕೆ ಬಳಸಿದರೆ ಪೀಡೆ. ಮುದುಕಿಯ ಕಾಗದವನ್ನು ಓದಿ ಹೇಳಿದರೆ ಪೂಜೆ.

ಆರನೆಯದು ನಾಲಗೆಯ ಪೀಡೆ. ಕನ್ನಡದಲ್ಲಿ ‘ನೀವು’ ಇದೆ, ತೆಲುಗಿನಲ್ಲಿ ‘ಮೀರು’ ಇದೆ. ಗೌರವಿಸಲು ಎರಡೆರಡು ಮಾತುಗಳನ್ನು ಪಡೆದ ಪುಣ್ಯವಂತರು ನಾವು. ಹೀಗಿದ್ದೂ ಎಪ್ಪತ್ತು ವರುಷದ ಮುದುಕನನ್ನು ಹದಿನೈದರ ಹುಡುಗನು ‘ಲೋ, ಬಾರೋ ಇಲ್ಲಿ’ ಎಂದು ಕರೆಯುವುದುಂಟು. ಮುದುಕನು ಆ ಹುಡುಗನನ್ನು ‘ಬುದ್ಧೀ, ಬಂದೆ’ ಎನ್ನುವುದುಂಟು. ದೇವರನ್ನು ಏಕವಚನದಲ್ಲಿ ಕರೆದರೆ ಅದು ಸಲಿಗೆ. ತಾಯಿಯನ್ನು ಕರೆದರೆ ಪ್ರೀತಿ. ತಿರುಗಿ ಏಕವಚನದಲ್ಲಿ ಕರೆಯಲಾರದವನನ್ನು ಹಾಗೆ ಕರೆದರೆ ಮಾತ್ರ ಅದು ಪೀಡೆ. ಇದಕ್ಕೆ ಗಾಯವಿಲ್ಲ, ಸಾಕ್ಷಿಯಿಲ್ಲ. ಆದುದರಿಂದಲೇ ಎಲ್ಲ ಕಾನೂನುಗಳೂ ಬಂದ ಮೇಲೆಯೂ ಬದುಕಿಕೊಂಡಿದೆ.

ಏಳನೆಯದು ಮೌನದ ಪೀಡೆ. ದ್ಯೂತಸಭೆಯಲ್ಲಿ ದ್ರೌಪದಿಯು ಒಂದು ಪ್ರಶ್ನೆಯನ್ನು ಕೇಳಿದಳು: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿಯದು? ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು, ಕೃಪರಿದ್ದರು. ಧರ್ಮವು ಸೂಕ್ಷ್ಮವೆಂದು ಹೇಳಿ ಹಿರಿಯರು ತಲೆ ತಗ್ಗಿಸಿದರು. ಬಾಯಿಬಿಟ್ಟು ನ್ಯಾಯವನ್ನಾಡಿದವರು ದಾಸೀಪುತ್ರನಾದ ವಿದುರ, ಕೌರವರಲ್ಲಿ ಕಿರಿಯನಾದ ವಿಕರ್ಣ. ಸೀರೆಗೆ ಕೈ ಹಾಕಿದವನು ಒಬ್ಬನೇ; ಆದರೆ ಅವನ ಕೈಗೆ ಬಲ ಬಂದದ್ದು ಸಭೆಯ ಮೌನದಿಂದ. ‘ನಾನು ಯಾರನ್ನೂ ಪೀಡಿಸಿಲ್ಲ’ ಎಂದು ಹೇಳಿಕೊಳ್ಳುವ ಸಜ್ಜನರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು.

ಈ ಏಳರ ಹೊರತಾಗಿ ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ಪೀಡಿಸುವವರದೊಂದು ಜಾತಿ, ಪೀಡೆಗೊಳಗಾಗುವವರದೊಂದು ಜಾತಿ ಎಂದು ಗೆರೆಯೆಳೆಯಲು ಬರುವುದಿಲ್ಲ. ಹೊಲದಲ್ಲಿ ಧಣಿಯ ಬೈಗುಳ ತಿಂದವನು ಮನೆಗೆ ಬಂದು ಹೆಂಡತಿಯ ಮೇಲೆ ಕೈಯೆತ್ತುತ್ತಾನೆ. ಅತ್ತೆಯ ಕಾಟ ಉಂಡವಳು ಸೊಸೆಗೆ ಅದನ್ನೇ ಬಡಿಸುತ್ತಾಳೆ. ಮೇಲಿನವರು ತನ್ನನ್ನು ಮುಟ್ಟಲಿಲ್ಲವೆಂದು ನೊಂದವನು ತನಗಿಂತ ಕೆಳಗಿನವನೊಬ್ಬನನ್ನು ಹುಡುಕಿಕೊಳ್ಳುತ್ತಾನೆ. ಅಂಬೇಡ್ಕರ್ ಅವರು ಇದನ್ನು ಶ್ರೇಣೀಕೃತ ಅಸಮಾನತೆ ಎಂದರು. ಏಣಿಯ ಪ್ರತಿಯೊಂದು ಮೆಟ್ಟಿಲಿನಲ್ಲಿ ನಿಂತವನಿಗೂ ತಲೆಯ ಮೇಲೊಂದು ಕಾಲು, ಕಾಲ ಕೆಳಗೊಂದು ತಲೆ. ತನ್ನ ತಲೆಯ ಮೇಲಿನ ಕಾಲಿಗೆ ಅಳುವವನು ತನ್ನ ಕಾಲ ಕೆಳಗಿನ ತಲೆಯನ್ನು ಮರೆಯುವುದರಿಂದಲೇ ಏಣಿ ನಿಂತಿದೆ.

‘ಇವೆಲ್ಲ ಹಿಂದಿನ ಮಾತು, ಈಗ ಕಾನೂನುಗಳಿವೆ’ ಎಂದು ಕೆಲವರು ಹೇಳಬಹುದು. ಕಾನೂನು ಬಾಗಿಲನ್ನು ತೆರೆಯಬಲ್ಲದು; ಒಳಗಿರುವವರ ಹುಬ್ಬುಗಳನ್ನು ಇಳಿಸಲಾರದು. ಬಾಗಿಲು ತೆರೆದಿದ್ದರೂ ಹೊಸ್ತಿಲ ಬಳಿ ಒಂದು ಕ್ಷಣ ನಿಂತು ಅತ್ತಿತ್ತ ನೋಡುವ ಪಾದವೊಂದಿದ್ದರೆ, ಆ ಗುಡಿ ಇನ್ನೂ ಪೂರ್ತಿಯಾಗಿ ತೆರೆದಿಲ್ಲ. ‘ಇದು ಸಂಪ್ರದಾಯ, ಕೈಹಾಕಬಾರದು’ ಎಂದು ಮತ್ತೆ ಕೆಲವರು ಹೇಳಬಹುದು. ಅವರನ್ನು ವಿನಯದಿಂದ ಕೇಳುತ್ತೇನೆ: ಗುಡಿಯ ಹಳೆಯ ಗಾರೆ ಉದುರಿದಾಗ ಅದೂ ಹಿರಿಯರು ಮೆತ್ತಿದ್ದೆಂದು ಹಾಗೆಯೇ ಬಿಟ್ಟೆವೇ? ಬಿರಿದ ತೊಲೆಯನ್ನು ಇಳಿಸಿ ಹೊಸದನ್ನು ಏರಿಸಿದೆವು. ಎಣ್ಣೆಯ ದೀಪದ ಜೊತೆಗೆ ವಿದ್ಯುದ್ದೀಪವನ್ನೂ ಹಾಕಿದೆವು. ಮೂರ್ತಿಯನ್ನು ಮಾತ್ರ ಬದಲಿಸಲಿಲ್ಲ. ಜೀರ್ಣೋದ್ಧಾರವೆಂದರೆ ಇಷ್ಟೇ: ಜೀರ್ಣವಾದುದನ್ನು ತೆಗೆಯುವುದು, ಜೀವವಿರುವುದನ್ನು ಉಳಿಸುವುದು. ಭಕ್ತಿ ಮೂರ್ತಿಯಂತೆ, ಮೈಲಿಗೆ ಉದುರುವ ಗಾರೆಯಂತೆ. ಯಾವುದು ಯಾವುದೆಂದು ಗುರುತಿಸಲಾರದ ಶಿಲ್ಪಿಯ ಕೈಗೆ ಯಾರು ಗುಡಿಯನ್ನು ಒಪ್ಪಿಸುತ್ತಾರೆ?

ಆದಕಾರಣ ಕಳಶವೇರುವ ಮುನ್ನ ಭಕ್ತರ ಮುಂದೆ ಐದು ಕೋರಿಕೆಗಳನ್ನು ಇಡುತ್ತೇನೆ. ಒಂದು, ಉತ್ಸವದ ಪ್ರಸಾದಕ್ಕೆ ಒಂದೇ ಪಂಕ್ತಿ ಇರಲಿ; ಮೊದಲು ಬಂದವನು ಮೊದಲು ಕುಳಿತುಕೊಳ್ಳಲಿ; ಬಡಿಸುವ ಕೈಗಳಲ್ಲಿಯೂ ಎಲ್ಲ ಕೇರಿಯ ಕೈಗಳಿರಲಿ. ಎರಡು, ದಾನಿಗಳ ಹೆಸರಿನ ಕಲ್ಲಿನಲ್ಲಿ ಹಣ ಕೊಟ್ಟವರ ಜೊತೆಗೆ ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರೂ ಕೆತ್ತಲ್ಪಡಲಿ. ಹತ್ತು ದಿನದ ಕೂಲಿಯನ್ನು ಬಿಟ್ಟುಕೊಟ್ಟವನ ಕಾಣಿಕೆ ಹತ್ತು ಸಾವಿರ ಕೊಟ್ಟವನದಕ್ಕಿಂತ ಹಗುರವಲ್ಲ. ಮೂರು, ಈ ಸನ್ನಿಧಿಯಲ್ಲಿ ಯಾವ ಹೆಣ್ಣುಮಗುವಿನ ಮೇಲೆಯೂ ಯಾವ ಹೆಸರಿನ ಹರಕೆಯೂ ಬೀಳದಿರಲಿ. ಬಿದ್ದುದನ್ನು ಕಂಡವರು ಸುಮ್ಮನಿರದಿರಲಿ. ನಾಲ್ಕು, ಗುಡಿಯ ಜಮಾಖರ್ಚನ್ನು ವರುಷಕ್ಕೊಮ್ಮೆ ಗರುಡಗಂಬದ ಮುಂದೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಗಟ್ಟಿಯಾಗಿ ಓದಲಿ. ಐದು, ಪ್ರಾಕಾರದೊಳಗೆ ಕಾಲಿಟ್ಟ ಮೇಲೆ ವಯಸ್ಸಾದವರು ಯಾರೇ ಆಗಲಿ, ‘ನೀವು’ ಎಂದೇ ಕರೆಯೋಣ. ಒಳಗೆ ಅಭ್ಯಾಸವಾದರೆ ಹೊರಗೂ ಬಂದೀತು.

ಮೊದಲ ನಾಲ್ಕು ಕೋರಿಕೆಗಳನ್ನು ಸಮಿತಿ ನಡೆಸಿಕೊಡಬಹುದು. ಐದನೆಯದನ್ನು ಯಾವ ಸಮಿತಿಯೂ ನಡೆಸಲಾರದು. ಅದು ನಮ್ಮ ನಮ್ಮ ನಾಲಗೆಯ ಮೇಲಿದೆ. ಬಹುಶಃ ಎಲ್ಲಕ್ಕಿಂತ ಕಠಿಣವಾದುದೂ ಅದೇ.

ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ, ಪಂಡಿತನೆಂದರೆ ಎಲ್ಲರಲ್ಲಿಯೂ ಸಮನಾದುದನ್ನು ಕಾಣುವವನೆಂದು ಭಗವಂತನು ಹೇಳಿದ್ದಾನೆ. ಹೆಚ್ಚು ಓದಿದವನೆಂದು ಹೇಳಲಿಲ್ಲ. ಹಾಗಾದರೆ ಓದು ಬಾರದ ನಮ್ಮೂರಿನ ಕೂಲಿಯವಳೂ ಪಂಡಿತೆಯಾಗಬಲ್ಲಳು. ಶಾಸ್ತ್ರಗಳನ್ನೆಲ್ಲ ಬಲ್ಲವನೂ ಹೊರಗುಳಿಯಬಲ್ಲನು. ಗರ್ಭಗುಡಿಯ ದೀಪವು ಎದುರಿಗೆ ನಿಂತವರ ಮುಖವನ್ನು ಬೆಳಗುವಾಗ ಯಾವ ಕೇರಿಯ ಮುಖವೆಂದು ವಿಚಾರಿಸುವುದಿಲ್ಲ. ಆ ದೀಪದ ಬುದ್ಧಿಯನ್ನು ಸ್ವಾಮಿಯು ನಮಗೂ ಕರುಣಿಸಲಿ.

ಸರ್ವರಿಗೂ ಮಂಗಳವಾಗಲಿ.